ಐದು ದಿನಗಳ ವಸತಿ ವಿಜ್ಞಾನ ಕಾರ್ಯಾಗಾರ ನಡೆಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂಬತ್ತನೆಯ ತರಗತಿಯಿಂದ ಪ್ರಥಮ ಪಿಯುವರೆಗಿನ ಪ್ರತಿಭಾವಂತ ಮಕ್ಕಳಿಗಾಗಿ ಜಿಲ್ಲಾ ಅಥವಾ ತಾಲ್ಲೂಕು ಕೇಂದ್ರದಲ್ಲಿ ವಸತಿ ಕಾರ್ಯಾಗಾರ ನಡೆಸಲು ಹೊರಟಿರುವ ಶಿಕ್ಷಕರಿಗೂ ವಿಜ್ಞಾನ ಸಂಘಗಳ ಕಾರ್ಯಕರ್ತರಿಗೂ ಈ ಬರಹ. ಇಸ್ರೋ ಶಾಲಾ ಮಕ್ಕಳಿಗಾಗಿ 2019ರಲ್ಲಿ ಆರಂಭಿಸಿದ ಯುವಿಕಾದಂಥ ಕಾರ್ಯಕ್ರಮಗಳ ಬೆನ್ನಿಗೆ ದೊಡ್ಡ ಸಂಸ್ಥೆಯಿದೆ, ಪ್ರಯೋಗಾಲಯಗಳಿವೆ. ನಮ್ಮಲ್ಲಿರುವುದು ಒಂದು ಹಾಸ್ಟೆಲ್, ಒಂದು ಸಭಾಂಗಣ ಮತ್ತು ಕೆಲವು ಉತ್ಸಾಹಿಗಳು ಮಾತ್ರ. ಆದ್ದರಿಂದ ಕೆಲಸಗಳ ಕ್ರಮ ತಪ್ಪಿದರೆ ಅದನ್ನು ಸರಿಪಡಿಸಿಕೊಳ್ಳಲು ನಮಗೆ ಅವಕಾಶ ಸಿಗುವುದಿಲ್ಲ.

ಇಂಥ ಶಿಬಿರಗಳು ಸೋಲುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬುದು ಮೊದಲು ನಿರ್ಧಾರವಾಗುತ್ತದೆ, ಆಮೇಲೆ ಉಪನ್ಯಾಸಕರ ಪಟ್ಟಿ, ಆಮೇಲೆ ಮಕ್ಕಳ ಪಟ್ಟಿ, ಶಿಬಿರಕ್ಕೆ ಎರಡೇ ದಿನ ಉಳಿದಿರುವಾಗ ಸಾಮಗ್ರಿ. ಮಕ್ಕಳು ಐದು ದಿನ ಕುಳಿತು ಕೇಳಿ, ಒಂದು ಎಲ್‌ಇಡಿ ಮಿನುಗಿಸಿ, ಪ್ರಮಾಣಪತ್ರ ಹಿಡಿದು ಊರಿಗೆ ಹೋಗುತ್ತಾರೆ. ಕೆಳಗಿನ ಹಂತಗಳಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಲಾಗಿದೆ. ಮಕ್ಕಳು 40, ಗುಂಪಿಗೆ ನಾಲ್ವರಂತೆ 10 ಗುಂಪುಗಳು, ಸಮಯ ದಸರಾ ರಜೆ ಎಂದು ಇಟ್ಟುಕೊಳ್ಳಲಾಗಿದೆ.

ಹಂತ 1: ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಿ (ಹತ್ತು ವಾರ ಮುಂಚೆ)

ಐದನೆಯ ದಿನ ಮಧ್ಯಾಹ್ನ ಪ್ರತಿ ಗುಂಪಿನ ಕೈಯಲ್ಲಿ ಏನಿರಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ರೋಬೊಟಿಕ್ಸ್ ಪರಿಚಯ’ ಎಂದು ಬರೆದರೆ ಅದು ವಿಷಯದ ಹೆಸರಾಯಿತೇ ಹೊರತು ಗುರಿಯಾಗಲಿಲ್ಲ. ‘ಹಾಸ್ಟೆಲ್ ತಾರಸಿಯ ಮೇಲಿರುವ ನೀರಿನ ಟ್ಯಾಂಕಿನ ಮಟ್ಟವನ್ನು ಹಗಲೂ ರಾತ್ರಿಯೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ತಪ್ಪದಂತೆ ತೋರಿಸುವ ಉಪಕರಣ, ಮತ್ತು ಅದು ಯಾವಾಗ ಏಕೆ ತಪ್ಪುತ್ತದೆ ಎಂಬುದರ ದಾಖಲೆ’ ಎಂಬುದು ಗುರಿ.

ಒಳ್ಳೆಯ ಪ್ರಶ್ನೆಯನ್ನು ಮಕ್ಕಳು ಒಂದು ಗಂಟೆಯೊಳಗೆ ಕೈಗೆತ್ತಿಕೊಳ್ಳುವಂತಿರಬೇಕು, ಅದರ ಉತ್ತರವನ್ನು ಅಳೆದು ನೋಡುವಂತಿರಬೇಕು, ಮತ್ತು ಎರಡನೆಯದೋ ಮೂರನೆಯದೋ ದಿನ ಅದು ಮಕ್ಕಳ ಊಹೆಗೆ ವಿರುದ್ಧವಾಗಿ ನಿಲ್ಲುವಂತಿರಬೇಕು. ಈ ಕೊನೆಯ ಗುಣವಿಲ್ಲದ ಪ್ರಶ್ನೆಯನ್ನು ಬುದ್ಧಿವಂತ ಮಕ್ಕಳು ಮೊದಲ ಸಂಜೆಯೇ ಮುಗಿಸಿ ಕೈಕಟ್ಟಿ ಕುಳಿತುಬಿಡುತ್ತಾರೆ.

ಟ್ಯಾಂಕಿನ ಪ್ರಶ್ನೆಯನ್ನೇ ನೋಡಿ. ಎಚ್‌ಸಿ-ಎಸ್‌ಆರ್04 ಎಂಬ ಅಗ್ಗದ ಶ್ರವಣಾತೀತ ಸೆನ್ಸರ್ ಶಬ್ದದ ತರಂಗವನ್ನು ಕಳಿಸಿ, ಅದು ನೀರಿಗೆ ತಗುಲಿ ಮರಳುವ ಸಮಯದಿಂದ ದೂರವನ್ನು ಲೆಕ್ಕ ಹಾಕಲು ನೆರವಾಗುತ್ತದೆ. ಹೆಚ್ಚಿನವರು ಈ ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲಿ ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಬರೆದುಬಿಡುತ್ತಾರೆ. ಒಂದು ಶಿಬಿರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನ ಎರಡು ಗಂಟೆಗೆ ತಾರಸಿಯಿಂದ ಓಡಿ ಬಂದು, ‘ಸರ್, ಮೋಟರ್ ಹಾಕಿಲ್ಲ, ಆದ್ರೂ ನೀರು ಮೂರು ಸೆಂಟಿಮೀಟರ್ ಏರಿದೆ’ ಎಂದಳು. ಅವಳ ಗುಂಪಿನವರು ವೈರಿಂಗ್ ಬಿಚ್ಚಿ ಮತ್ತೆ ಜೋಡಿಸಿದರು, ಸೆನ್ಸರ್ ಬದಲಿಸಿದರು, ಅಳತೆ ಬದಲಾಗಲಿಲ್ಲ. ಸಂಜೆ ನೀರು ತಾನಾಗಿ ‘ಇಳಿಯಿತು’. ಮರುದಿನ ಅವಳು ಕಪ್ಪು ಟ್ಯಾಂಕಿನ ಮುಚ್ಚಳದೊಳಗೆ ದಾರ ಕಟ್ಟಿ ಥರ್ಮಾಮೀಟರ್ ಇಳಿಬಿಟ್ಟಳು. ಬೆಳಿಗ್ಗೆ 22 ಡಿಗ್ರಿ ಇದ್ದ ಒಳಗಿನ ಗಾಳಿ ಮಧ್ಯಾಹ್ನ 40 ಮುಟ್ಟಿತ್ತು. ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ತರಂಗ ಬೇಗ ಮರಳುತ್ತದೆ, ನೀರೇ ಹತ್ತಿರ ಬಂದಂತೆ ಲೆಕ್ಕ ತೋರಿಸುತ್ತದೆ. ಸೆನ್ಸರಿನಿಂದ ನೀರಿಗೆ ಒಂದು ಮೀಟರ್ ಅಂತರವಿದ್ದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಮೂರು ಸೆಂಟಿಮೀಟರ್ ವ್ಯತ್ಯಾಸ ಬರಲೇಬೇಕು. ಆ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಶಿಬಿರ ನಡೆಸುವುದು ಇಂಥ ಒಂದು ಮಧ್ಯಾಹ್ನಕ್ಕಾಗಿ.

ಹತ್ತು ಗುಂಪುಗಳಿಗೆ ಹತ್ತು ಬೇರೆ ಬೇರೆ ವಿಷಯಗಳನ್ನು ಹಂಚುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಬಿಡಿಭಾಗಗಳ ದಾಸ್ತಾನು ಕೈಮೀರುತ್ತದೆ, ಒಂದು ಗುಂಪಿನ ಅಳತೆಯನ್ನು ಇನ್ನೊಂದು ಗುಂಪು ಪ್ರಶ್ನಿಸುವ ಅವಕಾಶವೂ ಇಲ್ಲವಾಗುತ್ತದೆ. ಎರಡು ಅಥವಾ ಮೂರು ಪ್ರಶ್ನೆಗಳು ಸಾಕು. ನಮ್ಮ ಎರಡನೆಯ ಪ್ರಶ್ನೆ ಕೊಳವೆಬಾವಿಯ ನೀರು, ಮಳೆಯ ನೀರು ಮತ್ತು ನಲ್ಲಿಯ ನೀರುಗಳ ವಿದ್ಯುತ್ ವಾಹಕತೆಯನ್ನು ಹೋಲಿಸುವ ಮಾಪಕವನ್ನು ಕಟ್ಟುವುದಾಗಿತ್ತು. ಅದರಲ್ಲಿ ಒಂದೇ ದಿಕ್ಕಿಗೆ ಹರಿಯುವ ಡಿಸಿ ವಿದ್ಯುತ್ ಬಳಸಿದ ಮಕ್ಕಳಿಗೆ ಅಳತೆ ಕ್ಷಣಕ್ಷಣಕ್ಕೂ ಜಾರುತ್ತದೆ, ಎಲೆಕ್ಟ್ರೋಡುಗಳ ಮೇಲೆ ಗುಳ್ಳೆಗಳು ಕಾಣುತ್ತವೆ. ಅಲ್ಲಿಂದ ಮುಂದಿನ ದಾರಿಯನ್ನು ಅವರೇ ಹುಡುಕಬೇಕು.

ಹಂತ 2: ಮಾರ್ಗದರ್ಶಕರನ್ನು ಆರಿಸಿ, ತರಬೇತಿ ಕೊಡಿ (ಎಂಟು ವಾರ ಮುಂಚೆ)

ಎಂಟು ಮಕ್ಕಳಿಗೆ ಒಬ್ಬ ಮಾರ್ಗದರ್ಶಕರು ಬೇಕು. 40 ಮಕ್ಕಳಿಗೆ ಐವರಾದರು. ಆ ಐವರೂ ಐದು ರಾತ್ರಿ ಅಲ್ಲಿಯೇ ಉಳಿಯುವವರಾಗಿರಬೇಕು, ಅವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಒಂದು ಗಂಟೆ ಮಾತನಾಡಿ ಕಾರು ಹತ್ತುವ ಹತ್ತು ಸಂಪನ್ಮೂಲ ವ್ಯಕ್ತಿಗಳಿಗಿಂತ, ರಾತ್ರಿ ಊಟವಾದ ಮೇಲೂ ಮಕ್ಕಳ ಜೊತೆ ಸರ್ಕ್ಯೂಟ್ ಜೋಡಿಸುವ ಬ್ರೆಡ್‌ಬೋರ್ಡ್ ಮುಂದೆ ಕೂರುವ ಐವರು ಎಂಎಸ್ಸಿ ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲು.

ಮಕ್ಕಳಿಗೆ ಕೊಡುವ ಕೆಲಸವನ್ನು ಮಾರ್ಗದರ್ಶಕರು ಅದೇ ಸಾಮಗ್ರಿಯಿಂದ ಒಂದು ಶನಿವಾರ, ಭಾನುವಾರ ಪೂರ್ತಿಯಾಗಿ ಮಾಡಿ ಮುಗಿಸಬೇಕು. ಯೂಟ್ಯೂಬಿನಲ್ಲಿ ನೋಡಿದ್ದೇನೆ ಎಂಬ ಮಾತನ್ನು ಒಪ್ಪಬೇಡಿ. ತಾಲೀಮಿನ ಎರಡನೆಯ ಭಾಗ ಇನ್ನೂ ಕಷ್ಟದ್ದು: ಉತ್ತರ ಗೊತ್ತಿದ್ದೂ ಹೇಳದಿರುವುದು. ಮಗು ಕೇಳಿದ ಪ್ರಶ್ನೆಗೆ ‘ಅದು ಹೌದೋ ಅಲ್ಲವೋ ಎಂದು ಹೇಗೆ ಪರೀಕ್ಷಿಸುತ್ತೀಯ?’ ಎಂದು ಮರುಪ್ರಶ್ನೆ ಹಾಕುವುದು ಅಭ್ಯಾಸವಾಗಬೇಕು. ತಾಲೀಮಿನಲ್ಲಿಯೇ ಎದುರಿನವರ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತಾವೇ ತಿರುಗಿಸಲು ಹೋಗುವವರಿದ್ದರೆ, ಅವರು ಎಷ್ಟೇ ಜಾಣರಾಗಿದ್ದರೂ ಅವರಿಗೆ ದಾಸ್ತಾನಿನ ಹೊಣೆ ವಹಿಸಿ, ಗುಂಪನ್ನು ವಹಿಸಬೇಡಿ.

ಹಂತ 3: ಸ್ಥಳದಲ್ಲಿ ಒಂದು ರಾತ್ರಿ ಮಲಗಿ ನೋಡಿ (ಏಳು ವಾರ ಮುಂಚೆ)

ಹಗಲು ಹೋಗಿ ಸಭಾಂಗಣ ನೋಡಿಕೊಂಡು ಬಂದರೆ ಸಾಲದು. ರಾತ್ರಿ ಉಳಿದುಕೊಂಡರೆ ಮಾತ್ರ ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಹುಡುಗಿಯರ ಕೋಣೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪವಿದೆಯೇ, ಬಾಗಿಲುಗಳಿಗೆ ಒಳಚಿಲಕವಿದೆಯೇ, ಸೊಳ್ಳೆ ಎಷ್ಟು ಎಂಬುದು ತಿಳಿಯುತ್ತದೆ. 40 ಮಕ್ಕಳಿಗೆ ಬೆಳಗಿನ ಹೊತ್ತು ಆರು ಶೌಚಾಲಯಗಳಿಗಿಂತ ಕಡಿಮೆಯಿದ್ದರೆ ದಿನಚರಿ ಮೊದಲ ದಿನವೇ ಒಂದು ಗಂಟೆ ತಡವಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ಮಾಡಿ. 25 ವಾಟಿನ ಹತ್ತು ಸೋಲ್ಡರಿಂಗ್ ಐರನ್‌ಗಳಿಗೆ 250 ವಾಟ್, ಹತ್ತು ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಸುಮಾರು 650, ಪ್ರೊಜೆಕ್ಟರಿಗೆ 300. ಒಟ್ಟು 1200 ವಾಟ್ ಆಯಿತು. 6 ಆಂಪಿಯರಿನ ಒಂದು ಸಾಲು 230 ವೋಲ್ಟಿನಲ್ಲಿ ತಡೆದುಕೊಳ್ಳುವುದು 1380 ವಾಟ್ ಮಾತ್ರ. ನಮ್ಮ ಎರಡನೆಯ ಶಿಬಿರದಲ್ಲಿ ಸ್ನಾನಕ್ಕೆ ನೀರು ಕಾಯಿಸಲೆಂದು ಯಾರೋ ಅದೇ ಸಾಲಿನ ಪ್ಲಗ್ಗಿಗೆ ಇಮ್ಮರ್ಶನ್ ರಾಡ್ ಹಾಕಿದ ಕೂಡಲೇ ಇಡೀ ಸಭಾಂಗಣ ಕತ್ತಲಾಗಿ, ಮೂರು ಗುಂಪುಗಳ ಬೆಳಗಿನ ಅಳತೆಗಳು ಉಳಿಯದೆ ಹೋದವು. ಕೆಲಸದ ಕೋಣೆಗೆ ಎರಡು ಪ್ರತ್ಯೇಕ ಸಾಲುಗಳಿರಲಿ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ, ವಿದ್ಯುತ್ ಸೋರಿಕೆ 30 ಮಿಲಿ ಆಂಪಿಯರ್ ಮುಟ್ಟಿದರೆ ಸಂಪರ್ಕ ಕಡಿತಗೊಳಿಸುವ ಆರ್‌ಸಿಸಿಬಿ ಹಾಕಿಸಿ. ಈ ಖರ್ಚಿಗೆ ಹಣವಿಲ್ಲ ಎನ್ನುವುದಾದರೆ ಸೋಲ್ಡರಿಂಗ್ ಭಾಗವನ್ನೇ ಕೈಬಿಡಿ.

ಊರ ಹೊರಗಿನ ಹಾಸ್ಟೆಲ್ ಆದರೆ ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಖುದ್ದಾಗಿ ಹೋಗಿ ವಿಚಾರಿಸಿಕೊಳ್ಳಿ. ರಾತ್ರಿ ತಾರಸಿಗೋ ಮೈದಾನಕ್ಕೋ ಹೋಗುವ ಪ್ರತಿ ಗುಂಪಿನ ಜೊತೆ ಟಾರ್ಚ್ ಇರಲಿ, ಎಲ್ಲರ ಕಾಲಲ್ಲಿ ಶೂ ಇರಲಿ.

ಹಂತ 4: ಮಕ್ಕಳ ಆಯ್ಕೆ (ಆರು ವಾರ ಮುಂಚೆ)

ಅಂಕಪಟ್ಟಿಯೊಂದನ್ನೇ ನೋಡಿ ಆರಿಸಿದರೆ ಚೆನ್ನಾಗಿ ಬರೆಯುವ ಮಕ್ಕಳು ಸಿಗುತ್ತಾರೆ, ಮನೆಯ ಕೆಟ್ಟ ರೇಡಿಯೊ ಬಿಚ್ಚಿ ನೋಡಿದ ಹುಡುಗ ಹೊರಗುಳಿಯುತ್ತಾನೆ. ಪ್ರತಿ ಶಾಲೆಯಿಂದ ಮೂವರ ಹೆಸರು ಕೇಳಿ. ಒಬ್ಬರನ್ನು ಅಂಕದ ಮೇಲೆ, ಒಬ್ಬರನ್ನು ವಿಜ್ಞಾನ ಶಿಕ್ಷಕರ ಅಭಿಪ್ರಾಯದ ಮೇಲೆ, ಇನ್ನೊಬ್ಬರನ್ನು ‘ತರಗತಿಯಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳುವವರು ಯಾರು’ ಎಂದು ಸಹಪಾಠಿಗಳನ್ನೇ ವಿಚಾರಿಸಿ ಕಳಿಸಲಿ.

ಹೀಗೆ ಬಂದವರಿಗೆ ಒಂದು ಗಂಟೆಯ ಕೈಕೆಲಸದ ಪರೀಕ್ಷೆ ಕೊಡಿ. ನಾವು ಬಳಸುವುದು ಇದು: ಒಂದು ನೋಟ್‌ಬುಕ್, ಒಂದು ಸ್ಕೇಲ್, ಒಂದು ಮಾರು ದಾರ. ಒಂದು ಹಾಳೆಯ ದಪ್ಪವನ್ನೂ ದಾರದ ದಪ್ಪವನ್ನೂ ಕಂಡುಹಿಡಿಯಬೇಕು, ತಮ್ಮ ಉತ್ತರ ಎಷ್ಟರಮಟ್ಟಿಗೆ ತಪ್ಪಿರಬಹುದು ಮತ್ತು ಏಕೆ ಎಂದು ಬರೆಯಬೇಕು. ನೂರು ಹಾಳೆ ಒತ್ತಿ ಹಿಡಿದು ಅಳೆದು ಭಾಗಿಸುವವರು ಬಹಳ ಮಂದಿ ಸಿಗುತ್ತಾರೆ. ‘ಒತ್ತುವ ಬಲ ಬದಲಾದರೆ ಅಳತೆಯೂ ಬದಲಾಗುತ್ತದೆ, ಆದ್ದರಿಂದ ಐದು ಸಲ ಅಳೆದೆ’ ಎಂದು ಬರೆಯುವವರು ಕೆಲವೇ ಮಂದಿ. ಹುಡುಕಬೇಕಾದದ್ದು ಅವರನ್ನು.

ಪ್ರಶ್ನೆಪತ್ರಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ, ಉತ್ತರವನ್ನು ಯಾವ ಭಾಷೆಯಲ್ಲಾದರೂ ಬರೆಯಲಿ. ಆಯ್ಕೆಯಾದ ಹುಡುಗಿಯರಲ್ಲಿ ಹಲವರು ಕೊನೆಯ ವಾರ ‘ಮನೆಯಲ್ಲಿ ಕಳಿಸುವುದಿಲ್ಲ’ ಎಂದು ಹಿಂದೆ ಸರಿಯುವುದನ್ನು ಪ್ರತಿ ವರ್ಷ ನೋಡಿದ್ದೇವೆ. ಆಯ್ಕೆಯಾದ ವಾರದಲ್ಲಿಯೇ ಮಹಿಳಾ ಮಾರ್ಗದರ್ಶಕರೊಬ್ಬರು ಮನೆಗೆ ಹೋಗಿ ತಂದೆ ತಾಯಿಯ ಜೊತೆ ಕುಳಿತು, ಮಲಗುವ ವ್ಯವಸ್ಥೆ ಯಾವುದು, ಜೊತೆಗಿರುವವರು ಯಾರು, ಫೋನ್ ಮಾಡುವ ಹೊತ್ತು ಯಾವುದು ಎಂದು ವಿವರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಸುತ್ತೋಲೆಯಿಂದ ಈ ಕೆಲಸ ಆಗುವುದಿಲ್ಲ.

ಹಂತ 5: ಅನುಮತಿ, ಒಪ್ಪಿಗೆ, ಮಕ್ಕಳ ರಕ್ಷಣೆ

ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಅನುಮತಿ ಪತ್ರ, ಪೋಷಕರ ಸಹಿಯಿರುವ ಒಪ್ಪಿಗೆ ಪತ್ರ, ಮತ್ತು ಪ್ರತಿ ಮಗುವಿನ ಆರೋಗ್ಯದ ವಿವರ ಶಿಬಿರಕ್ಕೆ ಮೂರು ವಾರ ಮೊದಲೇ ಕಡತದಲ್ಲಿರಬೇಕು. ಆಸ್ತಮಾ, ಮೂರ್ಛೆರೋಗ, ಕಡಲೆಕಾಯಿಯಂಥ ಆಹಾರದ ಅಲರ್ಜಿ, ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಹೆಸರು ಹೆಸರಾಗಿ ಕೇಳಿ. ‘ಆರೋಗ್ಯ ಸಮಸ್ಯೆ ಇದೆಯೇ’ ಎಂದಷ್ಟೇ ಕೇಳಿದರೆ ಎಲ್ಲರೂ ಇಲ್ಲ ಎಂದೇ ಬರೆಯುತ್ತಾರೆ.

ಮಕ್ಕಳೊಂದಿಗೆ ಇರುವ ಪ್ರತಿಯೊಬ್ಬ ವಯಸ್ಕರಿಗೂ, ಅಡುಗೆಯವರೂ ಸೇರಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಒಂದು ಗಂಟೆ ತಿಳಿವಳಿಕೆ ಕೊಡಿಸಿ. ದೌರ್ಜನ್ಯ ನಡೆದಿದೆಯೆಂದು ತಿಳಿದೂ ವರದಿ ಮಾಡದಿರುವುದು ಆ ಕಾಯ್ದೆಯಡಿ ಅಪರಾಧ. ಯಾವ ವಯಸ್ಕರೂ ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದೆಂಬ ನಿಯಮಕ್ಕೆ ವಿನಾಯಿತಿ ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ಮತ್ತು ಆಂಬ್ಯುಲೆನ್ಸಿನ 108 ಸಂಖ್ಯೆಗಳನ್ನು ಪ್ರತಿ ಕೋಣೆಯ ಬಾಗಿಲ ಹಿಂದೆ ಅಂಟಿಸಿ.

ಹಂತ 6: ಸಾಮಗ್ರಿಯನ್ನು ಒಂದೊಂದಾಗಿ ಪರೀಕ್ಷಿಸಿ (ಎರಡು ವಾರ ಮುಂಚೆ)

ಮಕ್ಕಳ ಸಮಯವನ್ನು ಅತಿ ಹೆಚ್ಚು ತಿನ್ನುವುದು ಕಷ್ಟದ ವಿಜ್ಞಾನವಲ್ಲ, ಕೆಟ್ಟ ವೈರು. ಡೇಟಾ ತಂತಿಯೇ ಇಲ್ಲದ, ಚಾರ್ಜ್ ಮಾತ್ರ ಆಗುವ ಯುಎಸ್‌ಬಿ ಕೇಬಲ್‌ಗಳು ನೋಡಲು ಒಳ್ಳೆಯ ಕೇಬಲ್‌ಗಳಂತೆಯೇ ಇರುತ್ತವೆ. ಸೆನ್ಸರನ್ನು ನಡೆಸುವ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣಿಸುವುದಿಲ್ಲ, ಮಕ್ಕಳು ತಮ್ಮದೇ ತಪ್ಪೆಂದು ಅರ್ಧ ದಿನ ಕಳೆಯುತ್ತಾರೆ. ಪ್ರತಿ ಕೇಬಲಿನಿಂದ ಒಂದು ಪ್ರೋಗ್ರಾಮನ್ನು ಬೋರ್ಡಿಗೆ ಕಳಿಸಿ ನೋಡಿ, ಪಾಸಾದದ್ದಕ್ಕೆ ಬಣ್ಣದ ಟೇಪ್ ಸುತ್ತಿ.

ಅಗ್ಗದ ಆರ್ಡುಯಿನೊ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಸಿಎಚ್340 ಎಂಬ ಚಿಪ್ಪಿನ ಡ್ರೈವರ್ ಬೇಕಾಗುತ್ತದೆ. ಅದನ್ನೂ ಪ್ರೋಗ್ರಾಂ ಬರೆಯುವ ಆರ್ಡುಯಿನೊ ಐಡಿಇ ತಂತ್ರಾಂಶವನ್ನೂ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಹಾಸ್ಟೆಲಿನ ಇಂಟರ್ನೆಟ್ಟನ್ನು ನಂಬಿ ಯಾವ ಕೆಲಸವನ್ನೂ ಯೋಜಿಸಬೇಡಿ. ಮೊದಲ ಸಲದ ಶಿಬಿರಕ್ಕೆ 5 ವೋಲ್ಟಿನ ಆರ್ಡುಯಿನೊ ಊನೊ ಬೋರ್ಡೇ ಸರಿ. ಇಎಸ್‌ಪಿ32ರಂಥ 3.3 ವೋಲ್ಟಿನ ಬೋರ್ಡಿಗೆ ಮೇಲೆ ಹೇಳಿದ ಸೆನ್ಸರಿನ 5 ವೋಲ್ಟಿನ ಮರುಸಂಕೇತವನ್ನು ನೇರ ಕೊಟ್ಟರೆ ಬೋರ್ಡ್ ಹಾಳಾಗಬಹುದು. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಕೆಲವಕ್ಕೆ ಅಂಚಿನ ವಿದ್ಯುತ್ ಸಾಲು ನಡುವೆ ತುಂಡಾಗಿರುತ್ತದೆ. ಮಲ್ಟಿಮೀಟರಿನಿಂದ ನೋಡಿ ಗುರುತು ಮಾಡಿಡಿ.

ಬೋರ್ಡ್, ಸೆನ್ಸರ್, ಕೇಬಲ್‌ಗಳನ್ನು ಬೇಕಾದ್ದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ತನ್ನಿ. ಪ್ರತಿ ಗುಂಪಿಗೊಂದು ಮಲ್ಟಿಮೀಟರ್, ಒಂದು ಥರ್ಮಾಮೀಟರ್, ಟೇಪು, ಗಟ್ಟಿ ರಟ್ಟಿನ ಲಾಗ್‌ಪುಸ್ತಕ ಇರಲೇಬೇಕು. ಬಿಡಿ ಲಿಥಿಯಂ ಸೆಲ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೊಬೈಲಿನ ಪವರ್ ಬ್ಯಾಂಕ್ ಸಾಕು. ಸೋಲ್ಡರಿಂಗ್ ಮೇಜು ಕಿಟಕಿಯ ಪಕ್ಕದಲ್ಲಿರಲಿ, ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ, ಸೀಸವಿರುವ ಬೆಸುಗೆ ಮುಟ್ಟಿದವರು ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ.

ಹಂತ 7: ಐದು ದಿನಗಳ ದಿನಚರಿ

ಮೊದಲ ದಿನ ಉದ್ಘಾಟನೆ ಅರ್ಧ ಗಂಟೆ ಮೀರಬಾರದು. ಅತಿಥಿಗಳು ತಡವಾದರೆ ಕೆಲಸ ಆರಂಭಿಸಿಬಿಡಿ, ಅವರು ಬಂದಾಗ ಮಕ್ಕಳ ಮೇಜಿನ ಬಳಿಗೇ ಕರೆದುಕೊಂಡು ಹೋಗಿ. ಊಟಕ್ಕೆ ಮೊದಲು ಪ್ರತಿ ಮಗುವೂ ಒಂದು ಅಳತೆಯನ್ನು ತನ್ನ ಕೈಯಿಂದ ತೆಗೆದು ಬರೆದಿರಬೇಕು. ಸೆನ್ಸರ್ ಮುಟ್ಟುವ ಮೊದಲು ಟ್ಯಾಂಕಿನ ಮಟ್ಟವನ್ನು ಕೋಲು ಇಳಿಸಿ ಅಳೆಯಲಿ. ಮುಂದೆ ಯಂತ್ರ ಹೇಳಿದ್ದನ್ನು ಪರೀಕ್ಷಿಸಲು ಆ ಕೋಲಿನ ಅಳತೆಯೇ ಆಧಾರ. ತಾರಸಿಗೆ ಹೋಗುವಾಗಲೆಲ್ಲ ಮಾರ್ಗದರ್ಶಕರು ಜೊತೆಗಿರಬೇಕು, ಒಂದು ಸಲಕ್ಕೆ ಒಂದೇ ಗುಂಪು ಹೋಗಬೇಕು.

ಎರಡನೆಯ ದಿನ ಪೂರ್ತಿ ಕಟ್ಟುವುದಕ್ಕೆ. ಉಪನ್ಯಾಸ ದಿನಕ್ಕೆ ಒಂದು, 40 ನಿಮಿಷ, ಅದೂ ಮಕ್ಕಳಿಗೆ ಅದರ ಅಗತ್ಯ ಬಿದ್ದ ಮೇಲೆ. ಶಬ್ದದ ವೇಗದ ಪಾಠವನ್ನು ನೀರು ‘ಏರಿದ’ ಮಾರನೆಯ ದಿನ ಇಟ್ಟುಕೊಳ್ಳಿ, ಹಿಂದಿನ ದಿನ ಬೇಡ.

ಮೂರನೆಯ ದಿನ ಮಧ್ಯಾಹ್ನ ಶಿಬಿರ ಕುಸಿಯುತ್ತದೆ. ನಿದ್ದೆ ಕಡಿಮೆಯಾಗಿರುತ್ತದೆ, ಮನೆಯ ನೆನಪು ಬರುತ್ತದೆ, ಉಪಕರಣ ಕೆಲಸ ಮಾಡುತ್ತಿರುವುದಿಲ್ಲ. ಶಾಲೆಯಲ್ಲಿ ಎಂದೂ ಮೊದಲನೆಯ ಸ್ಥಾನ ಬಿಟ್ಟುಕೊಡದ ಮಗುವಿಗೆ ಇಲ್ಲಿ ತನ್ನಂಥವರೇ ಮೂವತ್ತೊಂಬತ್ತು ಮಂದಿ ಎಂಬುದು ಅರಿವಾಗುವುದು ಕೂಡ ಅಂದೇ. ಆ ದಿನ ಮೂರರಿಂದ ಐದರವರೆಗೆ ಆಟಕ್ಕೆ ಬಿಡಿ, ಸಂಜೆ ಮನೆಗೆ ಫೋನ್ ಮಾಡಿಸಿ. ಈ ಎರಡು ಗಂಟೆ ವ್ಯರ್ಥವೆಂದು ಕಾಣುವ ಸಂಘಟಕರಿಗೆ ನಾಲ್ಕನೆಯ ದಿನ ಇಡೀ ವ್ಯರ್ಥವಾಗುತ್ತದೆ.

ರಾತ್ರಿಗಳಿಗೆ ಆಕಾಶವಿದೆ. ನವರಾತ್ರಿ ಅಮಾವಾಸ್ಯೆಯ ಮಾರನೆಯ ದಿನ ಆರಂಭವಾಗುವುದರಿಂದ ಮೊದಲ ಮೂರು ನಾಲ್ಕು ರಾತ್ರಿ ಚಂದ್ರ ಬೇಗ ಮುಳುಗುತ್ತಾನೆ, ಆಕಾಶ ಕಪ್ಪಾಗಿರುತ್ತದೆ. ಆದ್ದರಿಂದ ಶಿಬಿರವನ್ನು ವಿಜಯದಶಮಿಯ ಕಡೆಗೆ ತಳ್ಳದೆ ಹಬ್ಬದ ಮೊದಲ ದಿನಗಳಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಧ್ರುವನಕ್ಷತ್ರದ ಎತ್ತರ ಅಳೆದರೆ ಊರಿನ ಅಕ್ಷಾಂಶ ಸಿಗುತ್ತದೆ. ಬೆಂಗಳೂರಿನಲ್ಲಿ ಅದು ಕ್ಷಿತಿಜದಿಂದ ಸುಮಾರು 13 ಡಿಗ್ರಿ, ಧಾರವಾಡದಲ್ಲಿ 15.5 ಡಿಗ್ರಿ ಮಾತ್ರ ಮೇಲಿರುತ್ತದೆ. ಉತ್ತರ ದಿಕ್ಕಿಗೆ ಮರವೋ ಕಟ್ಟಡವೋ ಅಡ್ಡವಿದ್ದರೆ ಕಾಣುವುದೇ ಇಲ್ಲ, ಇದನ್ನೂ ಸ್ಥಳ ನೋಡುವ ರಾತ್ರಿಯೇ ಪರೀಕ್ಷಿಸಿಕೊಳ್ಳಿ. ಅಕ್ಟೋಬರಿನಲ್ಲಿ ಹಿಂಗಾರಿನ ಮೋಡ ಬರಬಹುದಾದ್ದರಿಂದ ಒಳಗೆ ಮಾಡುವ ಇನ್ನೊಂದು ಕೆಲಸ ಸಿದ್ಧವಿರಲಿ. ಹತ್ತೂವರೆಗೆ ದೀಪ ಆರಲೇಬೇಕು.

ಹಂತ 8: ದಿನವೂ ನೋಡಬೇಕಾದ ಎಚ್ಚರಿಕೆಯ ಲಕ್ಷಣಗಳು

ರಾತ್ರಿ ಮಕ್ಕಳು ಮಲಗಿದ ಮೇಲೆ ಮಾರ್ಗದರ್ಶಕರು ಅರ್ಧ ಗಂಟೆ ಸೇರಿ ಲಾಗ್‌ಪುಸ್ತಕಗಳನ್ನು ಓದಬೇಕು. ಅಳತೆಗಳು ತೀರಾ ಒಪ್ಪವಾಗಿದ್ದರೆ ಅನುಮಾನಪಡಿ. ನಿಜವಾದ ಅಳತೆ ಸ್ವಲ್ಪವಾದರೂ ಆಚೀಚೆ ಆಗುತ್ತದೆ. ಎಲ್ಲ ಅಂಕಿಗಳೂ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ, ಒಂದು ತಿದ್ದೂ ಇಲ್ಲದೆ ಕುಳಿತಿದ್ದರೆ ಅವನ್ನು ಒಂದೇ ಬೈಠಕ್ಕಿನಲ್ಲಿ ಬರೆದದ್ದೆಂದು ತಿಳಿಯಿರಿ. ಅದಕ್ಕಾಗಿ ಮಗುವನ್ನು ಎಲ್ಲರೆದುರು ಗದರಬೇಡಿ. ಮರುದಿನ ಜೊತೆಗೆ ಹೋಗಿ ಒಂದು ಅಳತೆ ತೆಗೆಸಿ. ಶಾಲೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಬರಬೇಕಾದ ಉತ್ತರ’ ಬರೆದೇ ಅಂಕ ಪಡೆದು ಬಂದವರು ಅವರು.

ಒಂದು ಗುಂಪಿನಲ್ಲಿ ಒಬ್ಬನೇ ಲ್ಯಾಪ್‌ಟಾಪ್ ಹಿಡಿದು, ಉಳಿದ ಮೂವರು ನೋಡುತ್ತ ನಿಂತಿದ್ದರೆ ಕೆಲಸ ವೇಗವಾಗಿ ಸಾಗುತ್ತಿರುವಂತೆ ಕಾಣುತ್ತದೆ. ಅದು ಕೆಟ್ಟ ಲಕ್ಷಣ. ಎರಡು ಗಂಟೆಗೊಮ್ಮೆ ಕಡ್ಡಾಯವಾಗಿ ಕೈ ಬದಲಿಸಿ. ಹುಡುಗಿಯರಿಗೆ ಬರೆಯುವ ಕೆಲಸ, ಹುಡುಗರಿಗೆ ವೈರಿಂಗ್ ಎಂದು ತಾನಾಗಿ ಹಂಚಿಕೆಯಾಗಿಬಿಡುವುದನ್ನು ಮೊದಲ ಸಂಜೆಯೇ ತಡೆಯಿರಿ. ಊಟ ಬಿಡುವ, ಯಾರೊಡನೆಯೂ ಮಾತನಾಡದ, ಪದೇ ಪದೇ ಹೊಟ್ಟೆನೋವು ಎನ್ನುವ ಮಗುವಿನ ವಿಷಯವನ್ನು ಅಂದೇ ರಾತ್ರಿ ಪೋಷಕರಿಗೆ ತಿಳಿಸಿ.

ಹಂತ 9: ಕೊನೆಯ ದಿನ ಮತ್ತು ನಂತರದ ಆರು ವಾರ

ಐದನೆಯ ದಿನ ಬೆಳಿಗ್ಗೆ ಪ್ರತಿ ಗುಂಪು ತನ್ನ ಉಪಕರಣವನ್ನು ಇನ್ನೊಂದು ಗುಂಪಿಗೆ ಒಪ್ಪಿಸಲಿ, ಆ ಗುಂಪು ಅದರಲ್ಲಿ ತಪ್ಪು ಹುಡುಕಲಿ. ಪ್ರದರ್ಶನದಲ್ಲಿ ಪ್ರತಿ ಗುಂಪಿಗೆ ಎಂಟು ನಿಮಿಷ, ಅದರಲ್ಲಿ ಮೂರು ನಿಮಿಷ ‘ನಮ್ಮ ಉಪಕರಣ ಎಲ್ಲಿ ಸೋಲುತ್ತದೆ’ ಎಂಬುದಕ್ಕೆ ಮೀಸಲು. ಪೋಷಕರು ಬಂದಿರುತ್ತಾರೆ, ಆದ್ದರಿಂದ ಮಾತು ಕನ್ನಡದಲ್ಲಿರಲಿ. ಪ್ರಥಮ, ದ್ವಿತೀಯ ಬಹುಮಾನ ಇಡಬೇಡಿ. ಬಹುಮಾನವಿದೆಯೆಂದು ತಿಳಿದರೆ ಮಕ್ಕಳು ಆ ಮೂರು ನಿಮಿಷದಲ್ಲಿ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ.

ಲಾಗ್‌ಪುಸ್ತಕ ಮಗುವಿನದು, ಅದು ಮನೆಗೆ ಹೋಗಬೇಕು. ಕಚೇರಿಗೆ ಅದರ ಫೋಟೊ ಪ್ರತಿ ಸಾಕು. ಹಣವಿದ್ದರೆ ಪ್ರತಿ ಶಾಲೆಗೆ ಒಂದು ಬೋರ್ಡ್, ಒಂದು ಸೆನ್ಸರ್, ಪರೀಕ್ಷಿಸಿದ ಒಂದು ಕೇಬಲ್ ಕಳಿಸಿ, ಅಲ್ಲಿನ ವಿಜ್ಞಾನ ಶಿಕ್ಷಕರಿಗೆ ಫೋನ್ ಮಾಡಿ ಅದು ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ ಎಂದು ಹೇಳಿ. ಮಾರ್ಗದರ್ಶಕರು ತಮ್ಮ ಎಂಟು ಮಕ್ಕಳಿಗೆ ಎರಡನೆಯ ವಾರ ಒಮ್ಮೆ, ಆರನೆಯ ವಾರ ಒಮ್ಮೆ, ಪೋಷಕರ ಫೋನಿಗೇ ಕರೆ ಮಾಡಿ ಮಾತನಾಡಲಿ.

ಹಾಸ್ಟೆಲಿನ ಟ್ಯಾಂಕಿನ ಮೇಲೆ ಎಲ್ಲಕ್ಕಿಂತ ಸರಿಯಾಗಿ ನಡೆದ ಒಂದು ಉಪಕರಣವನ್ನು ಬಿಚ್ಚದೆ ಬಿಟ್ಟುಬನ್ನಿ. ಹೊರಡುವ ಮೊದಲು ಅದನ್ನು ಕಟ್ಟಿದ ಮಕ್ಕಳೇ ವಾರ್ಡನ್ನರನ್ನು ತಾರಸಿಗೆ ಕರೆದುಕೊಂಡು ಹೋಗಿ, ಸೆನ್ಸರಿನ ಮೇಲೆ ಕೂರುವ ನೀರಿನ ಹನಿಗಳನ್ನು ಒರೆಸುವುದು ಹೇಗೆ, ಅಳತೆ ತಪ್ಪಿದಂತೆ ಕಂಡರೆ ಕೋಲು ಇಳಿಸಿ ನೋಡುವುದು ಹೇಗೆ ಎಂದು ತೋರಿಸಿಕೊಡಲಿ.